ಬೀಗದ ಕೈ ಗೊಂಚಲು

ಮಾರ್ಚ್ ೪, ಬೆಳಿಗ್ಗೆ
ಕಾಫಿ ಆಯಿತು. ಎದುರಿನ ಮೆಡಿಕಲ್ ಶಾಪ್ ತೆರೆಯಿತು. ಅಂಗಡಿಯ ವೆಂಕಟೇಶಪ್ಪ ಎಂದಿನಂತೆ ಕೈ ಮುಗಿದ. ಮುಗಿಯಲಿ. ಜನವರಿಯಲ್ಲಿ ನನ್ನ ತಮ್ಮನ ಮಗ ವೇಣು ನಮ್ಮ ಜಗಲಿಯ ಮೇಲೆ ಬಿದ್ದಾಗ ಇದೇ ಕೈಗಳು ಅಂಗಡಿಯ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದವು. "ಫಿಟ್ಸು ಮೇಡಮ್, ಕಬ್ಣ ಇಡ್ದ್ರೆ ಓಗ್ತದೆ." ನಾವೆಲ್ಲ ಕಬ್ಬಿಣವನ್ನು ನಂಬಿ ಕಾದೆವು. ಹೆಣದ ಜೇಬಿನಲ್ಲಿ ವೆಂಕಟೇಶಪ್ಪನದೇ ಅಂಗಡಿಯ ಕವರು, ಹುಡುಗರು ಅಮಲಿಗೆ ನುಂಗುವ ನೋವಿನ ಮಾತ್ರೆಯ ಖಾಲಿ ಪಟ್ಟಿ. ಡಾಕ್ಟರ ಚೀಟಿಯಿಲ್ಲದೆ ಮಾರಿದ್ದ. ಎಲ್ಲ ತಿಳಿದೂ ಫಿಟ್ಸ್ ಎಂದ!
ಔಷಧ ಇಲಾಖೆಗೆ ದೂರು ಕೊಟ್ಟೆ. ಕೊಂಡವರು ಇಲ್ಲವೇ ಅಂಗಡಿಯೊಳಗಿನವರು ಸಾಕ್ಷಿ ಹೇಳಬೇಕಂತೆ. ಕೊಂಡವನು ಮಣ್ಣಾಗಿದ್ದಾನೆ.

ಮಾರ್ಚ್ ೧೧
ಪ್ರಾಥಮಿಕ ಆರೋಗ್ಯ ಕೇಂದ್ರ. ಡಾ. ಕಲ್ಪನ ಊರಿನವರಿಗೆ ಕಲಿಸುತ್ತಿದ್ದರು. ಆ ಮಾತ್ರೆ ಹೆಚ್ಚಾದರೆ ತುಟಿ ನೀಲಿಯಾಗುತ್ತದೆ, ಉಸಿರು ನಿಲ್ಲುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ ಕರೆತಂದರೆ ಇಂಜೆಕ್ಷನ್ ಇದೆ.
ವೇಣುವಿನ ತುಟಿ ನೀಲಿಯಾಗಿತ್ತು. ಹಾಗಾದರೆ ಬದುಕುತ್ತಿದ್ದ...
ಆ ಅಂಗಡಿಯನ್ನು ಮುಚ್ಚಿಸದೆ ನಾನು ಸಾಯುವುದಿಲ್ಲ.

ಏಪ್ರಿಲ್ ೨, ಸಂಜೆ
ವೆಂಕಟೇಶಪ್ಪನ ಮಗ ನರೇಶ್ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿದ್ದ. ತುಟಿ ನೀಲಿ. ಮುಷ್ಟಿಯಲ್ಲಿ ಅದೇ ಗೊಂಚಲು — ತಾಯಿ ಸುಮಲತ ಹಿಡಿಸಿದ್ದಳು. ಕ್ಷಣಕಾಲ ನಿಂತು ನೋಡಿದೆ. ಹೌದು, ನೋಡಿದೆ. ಆಮೇಲೆ ಗೊಂಚಲನ್ನು ಕಿತ್ತು ಮೋರಿಗೆ ಎಸೆದೆ. ಉಸಿರು ಕೊಟ್ಟೆ. ನಡುವೆ ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ವೆಂಕಟೇಶಪ್ಪನನ್ನು ಕೇಳಿದೆ:
"ಏನು ನುಂಗಿದ್ದಾನೆ? ಗಟ್ಟಿಯಾಗಿ ಹೇಳು."
"ಫಿಟ್ಸೇ ಮೇಡಮ್..."
ಸುಮಲತ ಗಂಡನ ಕಾಲರ್ ಹಿಡಿದಳು. "ಯಾವ್ ಫಿಟ್ಸು? ಮಗ ಸಾಯ್ತಾವ್ನೆ, ಬಾಯ್ ಬಿಡಯ್ಯ!"
"ನೋವಿನ್ ಮಾತ್ರೆ... ನಮ್ಮಂಗ್ಡೀದೇ."
ಬೀದಿಗೆಲ್ಲ ಕೇಳಿಸಿತು. ಆಟೋದಲ್ಲಿ ಕೇಂದ್ರದವರೆಗೂ ಉಸಿರು ಕೊಟ್ಟೆ. ಕಲ್ಪನ ಇಂಜೆಕ್ಷನ್ ಕೊಟ್ಟರು. ಹುಡುಗ ಕಣ್ಣು ತೆರೆದ.

ಏಪ್ರಿಲ್ ೯
ವೆಂಕಟೇಶಪ್ಪ ಬಂದು ಕಾಲಿಗೆ ಬಿದ್ದ. "ನೀವೇ ನಮ್ ದ್ಯಾವ್ರು ಮೇಡಮ್. ಆ ಕಂಪ್ಲೇಂಟ್ ಒಂದು ವಾಪಸ್ ತಗೊಂಬಿಡಿ."
ದೇವರಂತೆ!
"ನಿನ್ನ ಮಗನನ್ನು ಉಳಿಸಿದ್ದು ನಿನಗಾಗಿ ಅಲ್ಲ," ಎಂದೆ. "ಸತ್ತವರು ಸಾಕ್ಷಿ ಹೇಳುವುದಿಲ್ಲ."
ಎದ್ದು ಹೋದ. ಚಪ್ಪಲಿಯನ್ನೂ ಮರೆತ.

ಏಪ್ರಿಲ್ ೧೦, ಬೆಳಿಗ್ಗೆ
ಔಷಧ ಇಲಾಖೆಯ ಅಧಿಕಾರಿ ಇಂದು ಬಂಗಾರಪೇಟೆಗೆ ಬರುತ್ತಾರೆ. ಸಾಕ್ಷಿ ಹೇಳಲು ಜೊತೆಗೆ ಬಾ ಎಂದು ನರೇಶನಿಗೆ ಹೇಳಿಕಳುಹಿಸಿದ್ದೇನೆ. ಇಸ್ತ್ರಿಯ ಸೀರೆ ಉಟ್ಟು ಕುಳಿತಿದ್ದೇನೆ. ಬಸ್ಸಿಗೆ ಹೊತ್ತಾಯಿತು.
ಎದುರಿನ ಬಾಗಿಲು ತೆರೆಯಿತು. ನರೇಶನಿಗೆ ತಂದೆ ಅಡ್ಡ ನಿಂತಿದ್ದಾನೆ. ಸುಮಲತಳ ದನಿ — "ಬಿಡಯ್ಯ ಅವ್ನ, ಓಗ್ಲಿ!"
ನರೇಶ್ ಮೆಟ್ಟಿಲಿಳಿದ. ಬೀದಿ ದಾಟಿ ನನ್ನ ಗೇಟಿನ ಚಿಲಕ ತೆಗೆಯುತ್ತಿದ್ದಾನೆ. ಪೆನ್ನು ಇಡುತ್ತೇನೆ.