ದೃಶ್ಯ ನಾಲ್ಕು, ಟೇಕ್ ಎರಡು

19 ಅಕ್ಟೋಬರ್ 2008, ಭಾನುವಾರ. ಬೆಳಿಗ್ಗೆ 10

ಅನ್ನಕ್ಕೆ ಇಟ್ಟು ಕುಳಿತೆ. ಸ್ಕಾಟ್ಲೆಂಡಿನ ಮೂರನೇ ಸಿ.ಡಿ. ಮತ್ತೆ ಹಾಕಿದೆ. ಪತ್ತೇದಾರಿ ಕಾದಂಬರಿ, ರೇಡಿಯೋ ನಾಟಕವಾಗಿ. ಕೆಳಗಿನ ಮನೆಯ ಸ್ಕಾಟಿಷ್ ಅಜ್ಜಿ ಊರಿಗೆ ವಾಪಸ್ ಹೋಗುವಾಗ ಒಂದು ಡಬ್ಬ ತುಂಬ ಕೊಟ್ಟುಹೋದದ್ದು. ಅರ್ಧ ಮಾತು ತಲೆಗೆ ಹತ್ತುವುದಿಲ್ಲ. ಅದೂ ಇಂಗ್ಲಿಷ್ ಅಂತೆ! ಆದರೆ ಬೂಟಿನ ಸದ್ದು, ಕಡಲ ಗಾಳಿ, ಗ್ಲಾಸಿಗೆ ಸುರಿಯುವುದು, ಇನ್‌ಸ್ಪೆಕ್ಟರ್ ಉಸಿರು ಬಿಡುವುದು... ಎಲ್ಲ ಅರ್ಥವಾಗುತ್ತದೆ. ಒಂದೇ ತಕರಾರು. ಕೊನೆಗೆ ಸಿಗುವ ಅಪರಾಧಿ ಯಾವಾಗಲೂ ಇನ್‌ಸ್ಪೆಕ್ಟರನಿಗೆ ತೀರಾ ಹತ್ತಿರದವನೇ, ಗೆಳೆಯನೋ ನೆಂಟನೋ. ಎಂಟು ನಾಟಕ ಕೇಳಿದೆ, ಎಂಟರಲ್ಲೂ ಹಾಗೇ.

ಇದನ್ನೇ ಕನ್ನಡಕ್ಕೆ ತಿರುಗಿಸಿ ರಾಜ್ಯೋತ್ಸವದ ದಿನ ಹಾಲ್‌ನಲ್ಲಿ ಕೇಳಿಸುವುದು. ಪರದೆ ಮುಚ್ಚಿ, ಬರೀ ಧ್ವನಿ. ಅಲ್ಲಿನ ಬಂದರು ಇಲ್ಲಿ ಮಲ್ಪೆ. ಇಲ್ಲಿ ದೋಹಾದ ಕನ್ನಡ ಸಂಘದ ಸೆಕ್ರೆಟರಿ ನಾರಾಯಣಸ್ವಾಮಿ ಮೈಸೂರಿನವರು. "ಏನೂ ಕಾಣ್ಸಲ್ಲ ಅಂದ್ರೆ ಜನ ಊಟಕ್ಕೆ ಎದ್ದು ಹೋಗ್ತಾರಷ್ಟೆ ಕಣಮ್ಮಾ ಜೆಸಿಕಾ" ಅಂದರು. ಹೋಗಲಿ ನೋಡೋಣ. ಮಂಗಳೂರು ಆಕಾಶವಾಣಿಯಲ್ಲಿ ಆರು ವರ್ಷ ಕ್ಯಾಶುವಲ್ ಅನೌನ್ಸರ್ ಆಗಿದ್ದವಳು ನಾನು.

ಇನ್‌ಸ್ಪೆಕ್ಟರ್ ಪಾತ್ರ ನನ್ನ ಗಂಡ ರಸೆಲ್‌ನದು. ದೋಹಾದಿಂದ ಆಚೆ ದುಖಾನ್‌ನ ಕಟ್ಟಡದ ಸೈಟಿನಲ್ಲಿ ಸೇಫ್ಟಿ ಆಫೀಸರ್. ದಿನವಿಡೀ ಕಿರುಚಿ ಗಂಟಲು ಒಡೆದಿದೆ, ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗೆ. ಮುಂಬೈಯಲ್ಲಿ ಬೆಳೆದವನು, ಕನ್ನಡ ಓದಲು ಬಾರದು. ಡೈಲಾಗನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು. ಲಾಭ ಒಂದೇ — ಈ ಡೈರಿಯನ್ನೂ ಓದಲಾರ.

ಬಾಗಿಲಿನ ಸದ್ದಿಗೆ ಬಾಗಿಲು ಬಂತು! ಅವನ ಸೈಟಿನ ಬಡಗಿ ಹಸನಬ್ಬ, ಉಳ್ಳಾಲದವನು, ಹಳೆ ಹಲಗೆಯಲ್ಲಿ ಮೊಣಕಾಲೆತ್ತರದ ಬಾಗಿಲು ಮಾಡಿ ಕಳಿಸಿದ್ದಾನೆ. ಚೌಕಟ್ಟು, ಚಿಲಕ ಎಲ್ಲಾ ಉಂಟು. ಮೊದಲು ಫೋನ್ ಮಾಡಿ ಕೇಳಿದ್ದ: "ಕೀರ್ ಅನ್ಬೇಕಾ ಅಕ್ಕ, ಟಪ್ ಅನ್ಬೇಕಾ?" ಎರಡೂ ಬೇಕು ಎಂದಿದ್ದೆ. ಎರಡೂ ಮಾಡುತ್ತದೆ.

23 ಅಕ್ಟೋಬರ್, ಗುರುವಾರ. ಸಂಜೆ

ಗೆದ್ದೆ. ನಾಳೆ ಶುಕ್ರವಾರ ಇಲ್ಲಿ ರಜೆ, ಆದರೂ ರಸೆಲ್‌ಗೆ ಓವರ್‌ಟೈಮ್ ಡ್ಯೂಟಿ ಇತ್ತು. "ನಾಳೆ ಬಿಟ್ಟರೆ ರೆಕಾರ್ಡಿಂಗ್‌ಗೆ ಬೇರೆ ದಿನ ಇಲ್ಲ, ನಿನಗೆ ನನ್ನ ಕೆಲಸ ಅಂದ್ರೆ ತಮಾಷೆ" ಎಂದು ನಿನ್ನೆಯಿಂದ ಮುಖ ಊದಿಸಿಕೊಂಡು ಕೂತಿದ್ದೆ. ಕೊನೆಗೆ ಸೋತ.

"ಆಯ್ತು ಮಾರಾಯ್ತಿ. ನಾಳೆಯ ಸೇಫ್ಟಿ ಶೀಟಿಗೆ ಇವತ್ತೇ ಸೈನ್ ಹಾಕಿ ಬಂದಿದ್ದೇನೆ. ಎರಡು ಗಂಟೆಯ ಕೆಲಸ, ಫೋರ್‌ಮನ್ ನೋಡ್ಕೊಳ್ತಾನೆ."

ಬೆಳಿಗ್ಗೆ ಏಳಕ್ಕೆ ಶುರು. ಕೇರಿಯ ಮಕ್ಕಳು ಏಳುವ ಮೊದಲು ನಮ್ಮ ಅಲ್ ಹಿಲಾಲ್ ಬಡಾವಣೆ ಪೂರ್ತಿ ಸದ್ದಿಲ್ಲದೆ ಇರುತ್ತದೆ.

24 ಅಕ್ಟೋಬರ್, ಶುಕ್ರವಾರ. ಮಧ್ಯಾಹ್ನ 3

ಎಸಿ ಬಂದ್, ಕಿಟಕಿ ಬಂದ್. ಗುಂಯ್ ಎನ್ನುವ ಸದ್ದು ಮೈಕಿಗೆ ಬೀಳಬಾರದಲ್ಲ. ರಸೆಲ್ ಬನಿಯನ್ನಿನಲ್ಲಿ ಇನ್‌ಸ್ಪೆಕ್ಟರ್. ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಆಕಾಶವಾಣಿಯ ಅಭ್ಯಾಸ ಬಿಟ್ಟಿಲ್ಲ — ಪ್ರತಿ ಟೇಕಿಗೂ ಮೊದಲು ದಿನ, ಗಂಟೆ, ದೃಶ್ಯ ಹೇಳುವುದು. 'ಕಟ್' ಎನ್ನುವ ತನಕ ಮೆಶಿನ್ ನಿಲ್ಲಿಸದಿರುವುದು. ಕಡಲಿನ ಸದ್ದಿಗೆ ನಾನು ಬಚ್ಚಲಿನಲ್ಲಿ ಬಕೆಟ್ ನೀರು ಕಲಕುತ್ತ, ಅವನು ಹಾಲ್‌ನಲ್ಲಿ ಮೈಕಿನ ಮುಂದೆ. ಎಷ್ಟು ಖುಷಿ. ಹೊಸ ಬಾಗಿಲಿನ ಆಸೆಗೆ ನಾಲ್ಕನೇ ದೃಶ್ಯದಿಂದಲೇ ಶುರು ಮಾಡಿ, ನಗುತ್ತ ನಗುತ್ತ ನಾಲ್ಕು ದೃಶ್ಯ ಮುಗಿಸಿದೆವು.

ಒಂಬತ್ತಕ್ಕೆ ಅವನ ಮೊಬೈಲ್. ಕೇಳಿದ, ಕುರ್ಚಿ ಹಿಡಿದು ನಿಂತ. ಹಸನಬ್ಬ ಬಿದ್ದನಂತೆ. ಮೂರನೇ ಮಾಳಿಗೆಯ ಹಲಗೆಯ ಮೇಲಿಂದ. ಜೀವ ಇದೆ. ಶರ್ಟಿನ ಗುಂಡಿ ಹಾಕದೆ ಓಡಿದ. ಇನ್ನೂ ಫೋನ್ ಇಲ್ಲ.

ಆ ಪುಟ್ಟ ಬಾಗಿಲು ಹಾಲ್‌ನ ಮಧ್ಯದಲ್ಲೇ ನಿಂತಿದೆ. ದೇವರೇ, ಬದುಕಲಿ.

25 ಅಕ್ಟೋಬರ್

ಬೆನ್ನುಮೂಳೆ. ಕಾಲು ಎರಡೂ ಆಡುತ್ತಿಲ್ಲ. ಇನ್ನೊಂದು ಆಪರೇಷನ್ ಆಗಬೇಕು. ರಸೆಲ್ ಊಟ ಮಾಡಲಿಲ್ಲ.

2 ನವೆಂಬರ್, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆಯುವುದೇನು?

ನಿನ್ನೆ ಸಂಜೆ ರಸೆಲ್ ಆ್ಯಕ್ಸಿಡೆಂಟ್ ರಿಪೋರ್ಟ್ ತಂದ. ಅವನ ಟೈಪಿಂಗ್ ಯಾವಾಗಲೂ ನನ್ನ ಕೈಯಲ್ಲೇ. "ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸೇಫ್ಟಿ ಕ್ಲಾಸ್ ಕೊಡಲಾಯಿತು. ಎಲ್ಲರಿಗೂ ಸೇಫ್ಟಿ ಬೆಲ್ಟ್ ಕೊಡಲಾಯಿತು. ಹಸನಬ್ಬ ತಾನಾಗಿಯೇ ಬೆಲ್ಟ್ ಧರಿಸಲಿಲ್ಲ." ಬೆರಳು ನಿಂತಿತು.

"ಏಳಕ್ಕೆ ನೀನು ಇಲ್ಲೇ ಇದ್ದೆಯಲ್ಲ?"

"ಕ್ಲಾಸ್ ಫೋರ್‌ಮನ್ ಕೊಟ್ಟಿದ್ದಾನೆ. ಹೆಸರು ಮಾತ್ರ ನಂದು. ಎಲ್ಲಾ ಸೈಟಲ್ಲೂ ಹೀಗೇ ನಡೆಯೋದು, ಜೆಸ್ಸಿ. ಟೈಪ್ ಮಾಡು."

ಮಾಡಿದೆ. ನಂಬಿದೆ. ತಪ್ಪು ಹಸನಬ್ಬನದೇ ಎಂದಾದರೆ ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ, ಆಪರೇಷನ್ ಇಲ್ಲದೆ, ಸ್ಟ್ರೆಚರಿನಲ್ಲಿ ಊರಿಗೆ ಕಳಿಸುತ್ತಾರಂತೆ. ಹದಿಮೂರನೇ ತಾರೀಕು ಗುರುವಾರ ದೋಹಾ ಆಫೀಸಿನಲ್ಲಿ ಎನ್‌ಕ್ವೈರಿ. ಏಳಕ್ಕೆ ಅವನು ಅಲ್ಲಿರಲಿಲ್ಲ ಎಂಬಷ್ಟು ಸತ್ಯ ಗೊತ್ತಿದ್ದೂ ಟೈಪ್ ಮಾಡಿದೆನಲ್ಲ, ಛೆ.

4 ನವೆಂಬರ್, ಮಂಗಳವಾರ. ಬೆಳಿಗ್ಗೆ 11

ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತಿದ್ದೇನೆ.

ಸಂಘದ ರಾಜ್ಯೋತ್ಸವ ಈ ಸಲ ಹದಿನಾಲ್ಕಕ್ಕೆ, ರಜೆಯ ಶುಕ್ರವಾರ. ನಾರಾಯಣಸ್ವಾಮಿಯವರ ಕಾಟಕ್ಕೆ ಎಡಿಟಿಂಗ್‌ಗೆ ಕೂತೆ. ದೃಶ್ಯ ನಾಲ್ಕು, ಟೇಕ್ ಎರಡು. ಹಸನಬ್ಬನ ಬಾಗಿಲು ಕೀರ್ ಎನ್ನುತ್ತದೆ. ಇನ್‌ಸ್ಪೆಕ್ಟರ್: "ಅವನನ್ನು ಕೊನೆಯ ಸಲ ಕಂಡವರು ಯಾರು?" ಹಿಂದೆ ನನ್ನ ಬಕೆಟ್ಟಿನ ಕಡಲು. ಆಗ ಮೊಬೈಲ್ ಸದ್ದು. ನಾನು ಬಚ್ಚಲಿನಲ್ಲಿದ್ದೆ, ನೀರಿನ ಗದ್ದಲದಲ್ಲಿ ಏನೂ ಕೇಳಿಸಿರಲಿಲ್ಲ. ಮೆಶಿನ್ ಕೇಳಿಸಿಕೊಂಡಿದೆ. ರಸೆಲ್‌ನ ಸ್ವರ, ಫೋರ್‌ಮನ್ ಹತ್ತಿರ ಹಿಂದಿಯಲ್ಲಿ:

"ಹಾಂ ಬೋಲೋ... ಬೆಲ್ಟ್? ಅರೇ, ಸ್ಟೋರ್ ಕಾ ಚಾಬಿ ತೋ ಮೇರೇ ಪಾಸ್ ಹೈ... ಆಜ್ ಐಸೇ ಹೀ ಚಲಾವ್. ದೋ ಘಂಟೇ ಕಾ ಕಾಮ್ ಹೈ."

ಸ್ಟೋರಿನ ಬೀಗದ ಕೈ ತನ್ನ ಹತ್ತಿರ ಇದೆ. ಇವತ್ತು ಬೆಲ್ಟ್ ಇಲ್ಲದೆ ಹೀಗೇ ನಡೆಸು.

ಮತ್ತೆ ಇನ್‌ಸ್ಪೆಕ್ಟರ್. ಅದೇ ಗಂಟಲು. "ಅವನನ್ನು ಕೊನೆಯ ಸಲ ಕಂಡವರು..."

ಆರು ಸಲ ಕೇಳಿದೆ. ಬೀಗದ ಕೈ ಆ ಹೊತ್ತು ನನ್ನ ಊಟದ ಮೇಜಿನ ಮೇಲಿತ್ತು. ನಾನೇ ಅದನ್ನು ಪಕ್ಕಕ್ಕೆ ಸರಿಸಿ ಮೈಕ್ ಇಟ್ಟಿದ್ದೆ. ಅವನನ್ನು ಮನೆಯಲ್ಲಿ ಕಟ್ಟಿ ಹಾಕಿದವಳೂ ನಾನೇ.

ಒಂದು ಸಿ.ಡಿ.ಗೆ ಇಳಿಸಿದೆ. ಸ್ಕಾಟ್ಲೆಂಡಿನ ಮೂರನೇ ಸಿ.ಡಿ.ಯ ಡಬ್ಬಿಯಲ್ಲಿ ಇಟ್ಟೆ.

5 ನವೆಂಬರ್

ರಸೆಲ್‌ಗೆ ರೆಕಾರ್ಡಿಂಗ್ ಹಾಕಿ ಕೇಳಿಸಿದೆ. ಮುಖ ಬೂದಿ. ಎದ್ದು ಕಿಟಕಿ ಮುಚ್ಚಿದ. ಆಮೇಲೆ, "ಡಿಲೀಟ್ ಮಾಡು."

"ರಸೆಲ್..."

"ನನಗೆ ಜೈಲಾಗ್ತದೆ ಜೆಸ್ಸಿ! ಗೊತ್ತುಂಟಾ ನಿಂಗೆ? ನಿನ್ನ ವೀಸಾ ನನ್ನ ಮೇಲೆ ಇರೋದು. ಮಾಡು!"

ಅವನ ಎದುರೇ ಕಂಪ್ಯೂಟರಿನಿಂದ ಅಳಿಸಿದೆ. ಸಿ.ಡಿ. ಇದೆ ಎಂದು ಹೇಳಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನಿಂದ ಮುಚ್ಚಿಟ್ಟದ್ದು ಇದೊಂದೇ.

7 ನವೆಂಬರ್, ಶುಕ್ರವಾರ. ಮಧ್ಯಾಹ್ನ

ಅಬು ಹಮೂರ್ ಇಗರ್ಜಿಯಲ್ಲಿ ಪೂಜೆ. ರಸೆಲ್ ಕಮ್ಯುನಿಯನ್‌ಗೆ ಏಳಲಿಲ್ಲ. ನಾನೂ ಏಳಲಿಲ್ಲ. ಪಾಪ ಒಪ್ಪಿಕೊಳ್ಳದೆ ಅದನ್ನು ಹೇಗೆ ತೆಗೆದುಕೊಳ್ಳುವುದು? ಪಕ್ಕದಲ್ಲಿದ್ದ ಗೆಳತಿ ಎಡ್ನಾ ನಮ್ಮಿಬ್ಬರನ್ನೂ ನೋಡಿದಳು. ನೋಡಲಿ.

ಅಲ್ಲಿಂದ ಆಸ್ಪತ್ರೆಗೆ. ರಸೆಲ್ ಕಾರಿನಿಂದ ಇಳಿಯಲಿಲ್ಲ. ಹಸನಬ್ಬ ಮಲಗಿದಲ್ಲೇ ನಕ್ಕ.

"ಬಾಗಿಲು ಸರಿ ಕೂಗ್ತದಾ ಅಕ್ಕ? ಎಣ್ಣೆ ಹಾಕ್ಬೇಡಿ, ಹಾಕಿದ್ರೆ ಸ್ವರ ಹೋಗ್ತದೆ."

ತಲೆ ಆಡಿಸಿದೆ.

"ಸರ್ ಬರ್ಲಿಲ್ವಾ? ಅವರಿಗೆ ಬೇಜಾರು ಮಾಡ್ಬೇಡಿ ಹೇಳಿ. ಬೆಳಿಗ್ಗೆ ಕ್ಲಾಸ್ ಆಗಿದೆಯಂತಲ್ಲ, ನಂಗೆ ನೆನಪೇ ಇಲ್ಲ ನೋಡಿ. ತಲೆಗೂ ಪೆಟ್ಟಾಗಿದೆ. ಬೆಲ್ಟ್ ಕೊಟ್ಟದ್ದೂ ನೆನಪಿಲ್ಲ. ಸರ್ ಬರೆದಿದ್ದಾರೆ ಅಂದ್ಮೇಲೆ ಕೊಟ್ಟಿರ್ತಾರೆ. ತಪ್ಪು ನಂದೇ ಅಂತ ಝೈನಬನಿಗೂ ಫೋನಲ್ಲಿ ಹೇಳಿದೆ. ಅವಳು ಬಾಯಿಗೆ ಬಂದ ಹಾಗೆ ಬೈದ್ಲು. ಹೆಂಡತಿ ಅಲ್ವಾ, ಬೈತಾಳೆ."

ಅವನ ಕಾಲು ಹೋದದ್ದು ಸಾಲದು ಎಂದು ಅವನ ನೆನಪನ್ನೂ ನಾವೇ ಕಿತ್ತುಕೊಂಡೆವು. ನಾನು ಟೈಪ್ ಮಾಡಿದ ಮೂರು ಸಾಲನ್ನು ಆ ಮನುಷ್ಯ ನಂಬಿ ಮಲಗಿದ್ದಾನೆ. ನನಗೆ ನಾಚಿಕೆಯಾಗುತ್ತಿದೆ. ನನ್ನ ಗಂಡನ ಮೇಲೆ ಹೇಸಿಗೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

9 ನವೆಂಬರ್, ಭಾನುವಾರ

ರಸೆಲ್‌ಗೆ ಹೇಳಿಬಿಟ್ಟೆ. ಹಸನಬ್ಬ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೊನೆಗೆ — "ಗುರುವಾರದೊಳಗೆ ನೀನು ಹೇಳು. ಇಲ್ಲದಿದ್ದರೆ ನಾನು ಹೇಳ್ತೇನೆ."

"ಏನು ಸಾಕ್ಷಿ ಉಂಟು ನಿನ್ನ ಹತ್ತಿರ?"

"ಸಿ.ಡಿ. ಉಂಟು."

ಕೈ ಎತ್ತಿದ. ಹೊಡೆಯಲಿಲ್ಲ. ಆ ಕೈಯಿಂದಲೇ ಮುಖ ಮುಚ್ಚಿಕೊಂಡ. ಆಮೇಲೆ ಹಾಲ್‌ನಲ್ಲಿ ಹೋಗಿ ಮಲಗಿದ.

11 ನವೆಂಬರ್

ಸಾರು, ಅನ್ನ, ಟಿ.ವಿ. ಅವನ ಹಾಸಿಗೆ ಇನ್ನೂ ಹಾಲ್‌ನಲ್ಲೇ. ನಾರಾಯಣಸ್ವಾಮಿಯವರ ಫೋನ್: "ಸಿ.ಡಿ. ಎಲ್ಲಮ್ಮಾ? ನಿಮ್ಮ ನಾಟಕ ಅಂತ ಇನ್ವಿಟೇಶನ್‌ನಲ್ಲೇ ಹಾಕ್ಸಿಬಿಟ್ಟಿದೀನಿ!" ನಾಟಕ ಇಲ್ಲ ಸರ್ ಎಂದೆ. ಬೇಜಾರು ಮಾಡಿಕೊಂಡು ಇಟ್ಟರು.

ಸ್ಕಾಟ್ಲೆಂಡಿನ ಇನ್‌ಸ್ಪೆಕ್ಟರನಿಗೆ ಎಂಟು ಸಲವೂ ಸುಲಭವಿತ್ತು. ಒಂದು ಗಂಟೆಗೆ ಕಥೆ ಮುಗಿಯುತ್ತಿತ್ತು. ನಾಳೆ ಬೆಳಿಗ್ಗೆಯೂ ಅದೇ ಮುಖಕ್ಕೆ ಟೀ ಮಾಡಿಕೊಡುವ ಕರ್ಮ ಅವನಿಗಿರಲಿಲ್ಲ.

13 ನವೆಂಬರ್, ಗುರುವಾರ. ಬೆಳಿಗ್ಗೆ 8.15

ಏಳುವಾಗ ರಸೆಲ್ ಇಲ್ಲ. ಟೀ ಕುಡಿದಿಲ್ಲ. ಮೂರನೇ ಸಿ.ಡಿ.ಯ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿದೆ. ಖಾಲಿ.

ಎಂಟು ಡಬ್ಬಿಯನ್ನೂ ಹುಡುಕಿರಬೇಕು. ಮುರಿದು ಎಲ್ಲಿಯೋ ಎಸೆದಿರುತ್ತಾನೆ. ಅತ್ತೆ, ಸಿಟ್ಟು ಬಂತು, ಮತ್ತೆ ಅತ್ತೆ. ಸಾಕ್ಷಿ ಇಲ್ಲದಿದ್ದರೆ ಏನಂತೆ? ನನಗೆ ಬಾಯಿ ಇದೆಯಲ್ಲ. ಟೈಪ್ ಮಾಡಿದ್ದು ನಾನು, ಅವನು ಮನೆಯಲ್ಲಿದ್ದದ್ದು ಕಂಡವಳು ನಾನು. ಟ್ಯಾಕ್ಸಿಗೆ ಹೇಳಿದ್ದೇನೆ.

10.50

ಅವನ ಆಫೀಸಿನ ರಿಸೆಪ್ಶನ್. ಸೋಫಾ. ಎನ್‌ಕ್ವೈರಿ ನಡೆಯುತ್ತಿದೆ, ಕೂತಿರಿ ಎಂದಳು ರಿಸೆಪ್ಶನಿಸ್ಟ್. ಕೈಗೆ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಒಳಗೆ ಹೋಗಿ ಮೊದಲು ಏನು ಹೇಳಲಿ? "ಐ ಆ್ಯಮ್ ಹಿಸ್ ವೈಫ್." ಅದರಿಂದಲೇ ಶುರು ಮಾಡಬೇಕಲ್ಲ, ಅದೇ ಕಷ್ಟ.

11.05

ಬಾಗಿಲಿನ ಆಚೆ ನನ್ನ ಸ್ವರ!

"ಶುಕ್ರವಾರ, ಅಕ್ಟೋಬರ್ ಇಪ್ಪತ್ನಾಲ್ಕು. ಬೆಳಿಗ್ಗೆ ಏಳು ಇಪ್ಪತ್ತು. ದೃಶ್ಯ ನಾಲ್ಕು, ಟೇಕ್ ಎರಡು."

ಕೀರ್. ಹಸನಬ್ಬನ ಬಾಗಿಲು. ಟಪ್. ಇನ್‌ಸ್ಪೆಕ್ಟರ್. ನನ್ನ ಕಡಲು. ಮೊಬೈಲ್.

"...ಚಾಬಿ ತೋ ಮೇರೇ ಪಾಸ್ ಹೈ... ಆಜ್ ಐಸೇ ಹೀ ಚಲಾವ್..."

ಯಾರೋ ಗಟ್ಟಿಯಾಗಿ "ಎನಫ್, ಸ್ಟಾಪ್ ಇಟ್" ಎಂದರು. ಆಮೇಲೆ ರಸೆಲ್ — ಸಿ.ಡಿ.ಯ ರಸೆಲ್ ಅಲ್ಲ, ನನ್ನ ರಸೆಲ್: "ನೋ ಸರ್. ಪ್ಲೀಸ್. ಲೆಟ್ ಇಟ್ ರನ್."

ಮೆಶಿನ್ ನಿಲ್ಲಿಸಲಿಲ್ಲ. ಬಕೆಟ್ಟಿನ ನೀರು ಕಲಕುತ್ತಲೇ ಇದೆ. ನನ್ನ ನಗು ಕೇಳಿಸುತ್ತಿದೆ. ಆವತ್ತು ಎಷ್ಟೊಂದು ನಗುತ್ತಿದ್ದೆ ನಾನು.

11.40

ಬಾಗಿಲು ತೆಗೆದರು. ರಸೆಲ್. ಹಿಂದೆ ಆಫೀಸಿನ ಪಿ.ಆರ್.ಓ., ವೀಸಾ-ಪೊಲೀಸ್ ಕೆಲಸ ನೋಡುವವ, ಕೈಯಲ್ಲಿ ರಸೆಲ್‌ನ ಪಾಸ್‌ಪೋರ್ಟ್. ನನ್ನನ್ನು ಇಲ್ಲಿ ನೋಡಿ ರಸೆಲ್ ನಿಂತುಬಿಟ್ಟಿದ್ದಾನೆ.

"ಜೆಸ್ಸಿ, ಹಸನಬ್ಬನ ಹತ್ತಿರ ಈಗಲೇ ಹೋಗು. ಬೆಲ್ಟ್ ಕೊಟ್ಟಿರ್ಲಿಲ್ಲ, ಅದಕ್ಕೇ ಅವನಿಗೆ ನೆನಪಿಲ್ಲದ್ದು ಅಂತ ಹೇಳು. ಇವರು ನನ್ನನ್ನು ಪೊಲೀಸರ ಹತ್ತಿರ..."