ಮುಚ್ಚಳದ ಮೇಲಿನ ಚಮಚ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಎರಡು ಒಲೆ, ಎರಡು ಪಾತ್ರೆ. ಹಿಂದಿನದರಲ್ಲಿ ಚಿಕ್ಕ ಸ್ಟೀಲ್ ಪಾತ್ರೆ — ಅತ್ತೆಯದು, ಉಪ್ಪಿಲ್ಲದ್ದು. ಮುಂದಿನದರಲ್ಲಿ ದೊಡ್ಡದು — ಮಾವ, ಇವರು, ನಾನು. ಎರಡರಲ್ಲೂ ಅದೇ ಬೇಳೆ, ಅದೇ ತರಕಾರಿ. ಎರಡು ಸಲ ಬೇಯಿಸು, ಎರಡು ಸಲ ಕಲಕು, ಆಮೇಲೆ ಎಂಟೂವರೆ ಬಸ್ಸಿಗೆ ಬಿದ್ದೆದ್ದು ಓಡು. ಕೊರಿಯರ್ ಆಫೀಸಿನಲ್ಲಿ ಮ್ಯಾನೇಜರ್ ಮುಖ ಊದಿಸಿಕೊಂಡು ಕಾದಿರುತ್ತಾನೆ.

ಡಾಕ್ಟರ್ ಹೇಳಿದ್ದು ಕಿವಿಯಲ್ಲೇ ಇದೆ. “ಹಾರ್ಟ್ ಸೋತಿದೆ. ಉಪ್ಪು ತಿಂದ್ರೆ ಮೈಯಲ್ಲಿ ನೀರು ನಿಲ್ಲುತ್ತೆ, ಉಸಿರು ಸಿಗಲ್ಲ. ಉಪ್ಪು ಅಂದ್ರೆ ವಿಷ ಅಂದ್ಕೊಳ್ಳಿ.”

ದೊಡ್ಡ ಪಾತ್ರೆಗೆ ಉಪ್ಪು ಹಾಕಿದೆ, ಮುಚ್ಚಳದ ಮೇಲೆ ಚಮಚ ಅಡ್ಡ ಇಟ್ಟೆ. ಇದು ಈ ಮನೆಯ ಕಾನೂನು. ನಾನು ಬರುವುದಕ್ಕೆ ಮುಂಚೆ ಒಂದು ದಿನ ಅತ್ತೆ, ಮಾವ, ಅತ್ತಿಗೆ ಮೂವರೂ ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರು ಒಂದೇ ಪಾತ್ರೆಗೆ ಉಪ್ಪು ಸುರಿದಿದ್ದರಂತೆ. ನಾಯಿಯೂ ಮೂಸಲಿಲ್ಲವಂತೆ. ಅವತ್ತೇ ಅತ್ತೆ ಅಪ್ಪಣೆ ಕೊಡಿಸಿದರು — ಚಮಚ ಇದ್ದರೆ ಉಪ್ಪು ಬಿದ್ದಿದೆ. ಇಲ್ಲದಿದ್ದರೆ ಕಂಡವರು ಹಾಕಿ. ಚಿಕ್ಕ ಪಾತ್ರೆಯ ತಂಟೆಗೆ ಮಾತ್ರ ಯಾರೂ ಬರಬಾರದು. ಇದು ಈಗ ಸೇರಿದ ಕಲಮು.

ಮಾರ್ಚ್ 9, ಸೋಮವಾರ

ನನಗೂ ಒಮ್ಮೊಮ್ಮೆ ತಲೆ ಓಡುತ್ತದೆ! ಎರಡು ಸಲ ಯಾಕೆ ಬೇಯಿಸಬೇಕು? ದೊಡ್ಡ ಪಾತ್ರೆಯಲ್ಲೇ ಎಲ್ಲರದ್ದೂ ಉಪ್ಪಿಲ್ಲದೆ ಬೇಯಲಿ. ನಾನು ಸ್ನಾನ ಮುಗಿಸಿ ಬಂದು ಅತ್ತೆಯದನ್ನು ಚಿಕ್ಕ ಪಾತ್ರೆಗೆ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿ ಚಮಚ ಇಟ್ಟರಾಯಿತು. ರಾತ್ರಿಯೇ ತರಕಾರಿ ಹೆಚ್ಚಿಟ್ಟಿದ್ದೆ. ಬೇಳೆ ನೆನೆಸಿಟ್ಟಿದ್ದೆ. ಇವತ್ತು ಬಸ್‌ಸ್ಟಾಪಿನಲ್ಲಿ ನಾನೇ ಬಸ್ಸಿಗೆ ಕಾದೆ. ಮದುವೆಯಾದ ಮೇಲೆ ಇದೇ ಮೊದಲು ಇರಬೇಕು.

ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ ಇದರಲ್ಲಿ.

ಮಾರ್ಚ್ 11, ಬುಧವಾರ

ಎರಡು ದಿನದಿಂದ ಉಪ್ಪು ಜಾಸ್ತಿ. “ಸಮುದ್ರದ ನೀರಲ್ಲಿ ಬೇಯಿಸಿದ್ಯಾ?” ಅಂತ ಇವರು. ಮಧ್ಯಾಹ್ನ ಡಬ್ಬಿ ತೆಗೆದಾಗ ನನಗೂ ಹಾಗೇ ಅನ್ನಿಸಿತು. ಕೈ ಭಾರವಾಗಿದೆ, ಅವಸರ. ನಾಳೆಯಿಂದ ಅರ್ಧ ಹಾಕಬೇಕು.

ಅತ್ತೆ ಮಾತ್ರ ತಟ್ಟೆ ಖಾಲಿ ಮಾಡುತ್ತಿದ್ದಾರೆ. ಮೊದಲು ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದವರು. “ಬಾಯಿಗೆ ರುಚಿ ಬಂತು ಕಣೇ” ಅಂದರು. ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಮಾರ್ಚ್ 14, ಶನಿವಾರ

ಅರ್ಧ ಹಾಕಿದರೆ ಸರಿಯಾಗುತ್ತಿದೆ. ಹೊಸ ಪ್ಯಾಕೆಟ್ ಉಪ್ಪು ಸ್ವಲ್ಪ ಜೋರಿರಬೇಕು.

ಅತ್ತೆಯ ಕಾಲು ಊದಿದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ಗುಳಿ ಹಾಗೇ ನಿಲ್ಲುತ್ತದೆ. “ಕೂತೂ ಕೂತೂ ಹಂಗಾಗಿದೆ” ಅಂತಾರೆ.

ಮಾರ್ಚ್ 18, ಬುಧವಾರ. ಆಸ್ಪತ್ರೆ

ಬೆಳಗಿನ ಜಾವ ಅತ್ತೆಗೆ ಉಸಿರು ಸಿಗಲಿಲ್ಲ. ಕಿಟಕಿ ಹಿಡಿದುಕೊಂಡು ನಿಂತಿದ್ದರು, ತುಟಿಯೆಲ್ಲ ನೀಲಿ… ಈಗ ಆಕ್ಸಿಜನ್ ಹಾಕಿದ್ದಾರೆ. ಮಾವ ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಕೈ. ಇವತ್ತು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ.

ಡಾಕ್ಟರ್ ಕೇಳಿದರು, “ಮನೇಲಿ ಅಡುಗೆ ಯಾರು ಮಾಡೋದು?”

ಎಲ್ಲರೂ ನನ್ನನ್ನು ನೋಡಿದರು.

“ಉಪ್ಪು ಹೋಗ್ತಿದೆ ಇವರ ಹೊಟ್ಟೆಗೆ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ.”

“ಇಲ್ಲ ಡಾಕ್ಟ್ರೇ, ಒಂದು ಕಲ್ಲೂ ಹಾಕಲ್ಲ” ಅಂದೆ. ನನ್ನ ದನಿ ನನಗೇ ಸುಳ್ಳಿನ ಹಾಗೆ ಕೇಳಿಸಿತು. ಅತ್ತಿಗೆ — ಇವರಕ್ಕ, ನಾನು ಮನಸ್ಸಿನಲ್ಲೇ ‘ಇನ್‌ಸ್ಪೆಕ್ಟರ್’ ಅಂತ ಕರೆಯುವುದು — ಮುಖ ತಿರುಗಿಸಿ ಡಾಕ್ಟರ ಹಿಂದೆಯೇ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್ 23, ಸೋಮವಾರ

ಮನೆಗೆ ಕರೆತಂದೆವು. ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದರು — “ನೋಡಮ್ಮ, ಮುಂದಿನ ಸೋಮವಾರ ಚೆಕಪ್ ಇದೆ. ಅಷ್ಟರಲ್ಲಿ ಮತ್ತೆ ಕಾಲು ಊದಿದ್ರೆ ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ನಿಂಗೆ ಆಫೀಸು ಮುಖ್ಯ. ಇರ್ಲಿ. ನಂಗೆ ಅಮ್ಮ ಮುಖ್ಯ.”

ಮೈ ಉರಿದು ಹೋಯಿತು. ಇವರು ಗೋಡೆ ನೋಡುತ್ತ ನಿಂತಿದ್ದರು. ಗೋಡೆಯಾದರೂ ಏನಾದರೂ ಅಂದೀತು, ಇವರು ಅನ್ನಲಿಲ್ಲ.

ಮಾರ್ಚ್ 26, ಗುರುವಾರ

ಕಾಲು ಮತ್ತೆ ಊದುತ್ತಿದೆ. ಚಪ್ಪಲಿಯ ಪಟ್ಟಿ ಅಚ್ಚೊತ್ತಿದೆ.

ನಾನು ಹಾಕುತ್ತಿಲ್ಲ. ಹಾಕುತ್ತಿಲ್ಲ, ಹಾಕುತ್ತಿಲ್ಲ! ಹಾಗಾದರೆ ಯಾರು? ಅತ್ತೆಯೇ ಕದ್ದು ತಿನ್ನುತ್ತಿದ್ದಾರಾ? ಇವತ್ತು ಅವರು ಬಚ್ಚಲಿಗೆ ಹೋದಾಗ ದಿಂಬಿನ ಕೆಳಗೆ ಕೈಹಾಕಿ ಹುಡುಕಿದೆ. ಹಾಸಿಗೆ ಎತ್ತಿದೆ. ಸೀರೆಗಳ ಮಡಿಕೆ, ಔಷಧಿ ಡಬ್ಬಿ, ಎಲ್ಲ ನೋಡಿದೆ. ಒಂದು ಬಾಚಣಿಗೆ ಸಿಕ್ಕಿತು. ನಾಚಿಕೆಯಾಗಿ ಅಡುಗೆಮನೆಗೆ ಬಂದು ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ನಾಳೆಯಿಂದ ಉಪ್ಪಿನ ಡಬ್ಬ ನನ್ನ ಬೀರುವಿನೊಳಗೆ. ಬೀಗ ಹಾಕಿ. ನಗುವವರು ನಗಲಿ.

ಮಾರ್ಚ್ 27, ಶುಕ್ರವಾರ

ಆಫೀಸಿಗೆ ಹೋಗಲಿಲ್ಲ.

ಸ್ನಾನ ಮುಗಿಸಿ ಬಂದರೆ ಅಡುಗೆಮನೆಯಲ್ಲಿ ಡಬ್ಬಗಳ ಸದ್ದು. ಮಾವ. ಒಂದು ಕೈಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳ, ಇನ್ನೊಂದು ಕೈ ಶೆಲ್ಫಿನಲ್ಲಿ ತಡಕಾಡುತ್ತಿದೆ.

“ಉಪ್ಪಿನ ಡಬ್ಬ ಎಲ್ಲಿಟ್ಟೆ ಮಗಾ?”

“ಯಾಕೆ ಮಾವ?”

“ಅದೇ… ಚಮಚ ಇಲ್ವಲ್ಲ ಮೇಲೆ.” ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕರು. “ದಿನಾ ಮರೀತೀಯ ಕಣಮ್ಮ, ಪಾಪ, ಆಫೀಸಿನ ಅವಸರ. ಹೇಳಿದ್ರೆ ನೊಂದ್ಕೋತೀಯ ಅಂತ ನಾನೇ ಒಂಚೂರು ಹಾಕಿ ಸುಮ್ಮನಾಗ್ತಿದ್ದೆ. ಅವಳ ಪಾತ್ರೆ ಮುಟ್ಟಲ್ಲಪ್ಪ ನಾನು! ಇದು ನಮ್ಮದಲ್ವಾ.”

ನಮ್ಮದಲ್ಲ ಮಾವ. ಎಲ್ಲರದ್ದೂ. ಒಂಬತ್ತನೇ ತಾರೀಕಿನಿಂದ ಎಲ್ಲರದ್ದೂ.

ಅವರ ಕೈಯಿಂದ ಮುಚ್ಚಳ ತೆಗೆದುಕೊಂಡೆ. “ಹೌದು ಮಾವ, ಮರೆತಿದ್ದೆ. ಹಾಕ್ತೀನಿ” ಅಂದೆ. ಅವರು ಬಿಸಿನೀರು ಕುಡಿದು ಪೇಪರ್ ಓದಲು ಹೋದರು.

ಮಾರ್ಚ್ 28, ಶನಿವಾರ

ಅತ್ತೆಗೆ ಹೇಳಿದೆ. ತಡೆಯಲಾಗಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು. ಆಮೇಲೆ — “ನೀನೇ ಕರುಣೆ ತೋರಿಸ್ತಿದ್ದೀಯ ಅಂದ್ಕೊಂಡಿದ್ದೆ ಕಣೇ. ಮುದುಕಿ ಸಪ್ಪೆ ತಿಂದು ಸಾಯೋದು ಬೇಡ ಅಂತ. ಬಾಯಿಬಿಟ್ರೆ ನಿಲ್ಲಿಸ್ಬಿಡ್ತೀಯ ಅಂತ ಸುಮ್ಮನಿದ್ದೆ.”

“ಡಾಕ್ಟ್ರು ನನ್ನ ಕೇಳ್ದಾಗಲೂ?”

“ಆಗ ಮೂಗಿಗೆ ಪೈಪಿತ್ತು” ಅಂದರು. ನಾಚಿಕೆಯಿಲ್ಲದ ಹೆಂಗಸು! ಕೋಪ, ನಗು ಒಟ್ಟಿಗೇ ಬಂತು. ಅವರಿಗೂ. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರಿಲ್ಲ. ಬೆನ್ನು ನೀವಿದೆ.

ಕೆಮ್ಮು ನಿಂತ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ಅವರಿಗೆ ಗೊತ್ತಾಗ್ಬಾರ್ದು. ನನ್ನ ಆಸ್ಪತ್ರೆಗೆ ಹಾಕಿದ್ದು ತನ್ನ ಕೈಯೇ ಅಂತ ಗೊತ್ತಾದ್ರೆ ಆ ಮನುಷ್ಯ ತಡ್ಕೊಳ್ಳಲ್ಲ. ಕದ್ದು ತಿಂದೆ ಅಂತ ನಾನೇ ಹೇಳ್ತೀನಿ. ನಿನ್ನ ಮೇಲೂ ಮಾತು ಬರಲ್ಲ.”

ಸಂಜೆ ಅತ್ತಿಗೆಗೆ ಫೋನಿನಲ್ಲಿ ಹೇಳಿಯೂ ಬಿಟ್ಟರು. ಅತ್ತಿಗೆ ನನ್ನನ್ನು ಫೋನಿಗೆ ಕರೆಸಿ, “ಸಾರಿ ಕಣೇ” ಅಂದರು. ಇನ್‌ಸ್ಪೆಕ್ಟರ್ ಬಾಯಲ್ಲಿ ಸಾರಿ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಪಕ್ಕದಲ್ಲೇ ಮಾವ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಇಷ್ಟು ವಯಸ್ಸಾಗಿ ನಾಲಿಗೆ ಕಟ್ಟೋಕಾಗಲಿಲ್ವಾ ನಿಂಗೆ?” ಅಂದರು ಹೆಂಡತಿಗೆ. “ಆ ಹುಡುಗಿಗೆ ಕೆಟ್ಟ ಹೆಸರು ತಂದ್ಯಲ್ಲ.” ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತರು. ಊಟಕ್ಕೆ ಕರೆದರೂ ಅತ್ತೆಯ ಜೊತೆ ಕೂರಲಿಲ್ಲ.

ಅತ್ತೆ ತಲೆ ತಗ್ಗಿಸಿ ಸಪ್ಪೆ ಬೇಳೆ ತಿಂದರು. ಪೂರ್ತಿ ತಿಂದರು.

ಮಾರ್ಚ್ 30, ಸೋಮವಾರ

ಚೆಕಪ್ ಆಯಿತು. ಊತ ಇಳಿಯುತ್ತಿದೆ. “ಹೀಗೇ ನೋಡ್ಕೊಳ್ಳಿ” ಅಂದರು ಡಾಕ್ಟರ್. ಅತ್ತೆ ಇಲ್ಲೇ ಇರುತ್ತಾರೆ.

ಮಾವ ಇನ್ನೂ ಅತ್ತೆಯ ಜೊತೆ ಮಾತು ಬಿಟ್ಟಿದ್ದಾರೆ. ಇನ್ನು ಪಾತ್ರೆ ಒಲೆಗೇರಿದ ಕ್ಷಣದಿಂದಲೇ ಮುಚ್ಚಳದ ಮೇಲೆ ಚಮಚ ಇಡುತ್ತೇನೆ — ಉಪ್ಪು ಹಾಕದಿದ್ದರೂ. ಸುಳ್ಳು ಚಮಚ. ಮಾವ ನೋಡಿ ಸುಮ್ಮನೆ ಹೋಗುತ್ತಾರೆ. ಎರಡು ಪಾತ್ರೆಗೆ ಮರಳಬಹುದಿತ್ತು. ಆದರೆ ಎಂಟೂವರೆ ಬಸ್ಸು…

ಏಪ್ರಿಲ್ 1, ಬುಧವಾರ. ಒಂಬತ್ತು ಗಂಟೆ

ಬಸ್ಸು ಹೋಯಿತು. ಹೋಗಲಿ.

ಚಮಚ ಎತ್ತಿಟ್ಟು, ದೊಡ್ಡ ಪಾತ್ರೆಯಿಂದ ಚಿಕ್ಕದಕ್ಕೆ ಬಗ್ಗಿಸುತ್ತಿದ್ದೆ. ಹಿಂದೆ ಮಾವ ನಿಂತಿದ್ದು ಗೊತ್ತೇ ಆಗಲಿಲ್ಲ. ಅತ್ತೆಯ ಮೇಲೆ ಮುನಿಸಿದ್ದರೂ ಅವರ ತಟ್ಟೆಯ ಮೇಲೆ ಕಾವಲಿದ್ದರು.

“ಏ ಏ! ಚಮಚ ಇತ್ತಲ್ಲ ಅದ್ರ ಮೇಲೆ! ಉಪ್ಪು ಬಿದ್ದಿರೋದನ್ನ ಅವಳಿಗೆ ಹಾಕ್ತೀಯಲ್ಲ!”

ಸೌಟು ಕೈಯಲ್ಲೇ ಉಳಿಯಿತು. ಮರೆತೆ ಅನ್ನಬೇಕಿತ್ತು.

ಬೆರಳಿಗೆ ಒಂದು ಹನಿ ಹಾಕಿಕೊಂಡು ನಾಲಿಗೆಗೆ ಇಟ್ಟರು. ಸಪ್ಪೆ. ಚಮಚ ಕೈಗೆತ್ತಿಕೊಂಡು ನೋಡಿದರು. ದೊಡ್ಡ ಪಾತ್ರೆ ನೋಡಿದರು, ಚಿಕ್ಕದನ್ನು ನೋಡಿದರು. ಗಡಿಯಾರ ಬಿಚ್ಚಿ ಯಾವ ಹಲ್ಲು ಎಲ್ಲಿ ಸಿಕ್ಕಿದೆ ಎಂದು ಹುಡುಕುವ ಹಾಗೆ, ಅವಸರವಿಲ್ಲದೆ.

“ದಿನಾ ಇದ್ರಿಂದಾನೇ ಅವಳಿಗೆ ತೆಗೀತಿದ್ಯಾ?”

ತಲೆಯಾಡಿಸಿದೆ.

“ಮತ್ತೆ ಅವಳು… ಕದ್ದು ತಿಂದೆ ಅಂದಳಲ್ಲ.”

ಸ್ಟೂಲು ಹಿಡಿದುಕೊಂಡರು. ಕೂರಲಿಲ್ಲ. ಕೈಯಲ್ಲಿ ಚಮಚ ಹಾಗೇ ಹಿಡಿದು ಅತ್ತೆಯ ಕೋಣೆಗೆ ಹೋದರು. ಬಾಗಿಲು ಅರ್ಧ ಮುಚ್ಚಿದೆ. ನಾನು ಅಡುಗೆಮನೆಯ ಮೇಜಿನ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ, ಬೇರೇನೂ ಮಾಡಲು ತೋಚುತ್ತಿಲ್ಲ. ಒಳಗೆ ಮಾವನ ದನಿಯಿಲ್ಲ. ಅತ್ತೆಯದು ಮಾತ್ರ —

“ಅಯ್ಯೋ, ಗಂಡಸು ಹೀಗೆ ಅಳ್ತಾರೇನ್ರೀ? ನೀವು ಹಾಕಿದ್ದು ಅಂತ ಗೊತ್ತಿದ್ದಿದ್ರೆ ಇನ್ನೆರಡು ತುತ್ತು ಜಾಸ್ತೀನೇ ತಿಂತಿದ್ದೆ…”

ಚಮಚ ನೆಲಕ್ಕೆ ಬಿದ್ದ ಸದ್ದು. ನಾನು ಎದ್ದು ಬಾಗಿಲವರೆಗೆ ಹೋಗಿ, ಮಾವ ಅತ್ತೆಯ ಕೈ ಹಿಡಿದು ಕೂತಿದ್ದನ್ನು ನೋಡಿ, ಹಾಗೇ ಮರಳಿ ಬಂದೆ.