ಒಂದು ಚಿಟಿಕೆ ಹೊಗೆಸೊಪ್ಪಿನ ಸಾಕ್ಷಿ

ನವೆಂಬರ್ ೧೪, ಶುಕ್ರವಾರ. ಓಜಿಮಾ, ಟೋಕಿಯೊ.

ಕಾದಂಬರಿಯ ಕೇಡಿ ಯಾರು ಅಂತ ನಂಗೆ ಗೊತ್ತಾಗಿದೆ, ಆದರ್ಶ್ ಒಪ್ತಾ ಇಲ್ಲ. ಹೆಂಡತಿ ಹೇಳಿದ್ದನ್ನ ಒಂದು ಸಲ ಒಪ್ಪಿದ್ರೆ ಇವನ ಗಂಟೇನು ಹೋಗತ್ತೆ?

ಲೈಬ್ರರಿಯಿಂದ ತಂದ ಪುಸ್ತಕ, ಹದಿಹರೆಯದವರಿಗಂತೆ. ಇರಲಿ, ನಲವತ್ತರ ನಾನು ಅನ್ನ ಸೀದ ವಾಸನೆ ಬರೋವರೆಗೂ ಕೆಳಗಿಡಲಿಲ್ಲ. ಅಮೆರಿಕದ ದೊಡ್ಡ ಸರೋವರವೊಂದರ ದಡದಲ್ಲಿ ಓಜಿಬ್ವೆ ಅನ್ನೋ ಮೂಲನಿವಾಸಿ ಬುಡಕಟ್ಟಿನ ಹುಡುಗಿಯೊಬ್ಬಳು ಕಾಣೆಯಾದ ಅಕ್ಕನನ್ನ ಹುಡುಕ್ತಾಳೆ. ಅವರಲ್ಲಿ ಗಿಡದಿಂದ ಏನು ಕೀಳೋದಿದ್ರೂ ಮೊದಲು ಬುಡಕ್ಕೆ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟು ಕೇಳ್ಕೋಬೇಕು. ಹುಡುಕೋಕೆ ಜೊತೆಗೆ ಬಂದ ಅವರದೇ ಊರಿನ ಸಿಹಿಮಾತಿನ ದೋಣಿಯವನು ದೇವದಾರಿನ ಕೊಂಬೆಯನ್ನ ಲಟಕ್ಕನೆ ಮುರಿದ. ಹೊಗೆಸೊಪ್ಪು ಇಡಲಿಲ್ಲ. ಲೇಖಕಿ ಅದರ ಬಗ್ಗೆ ಏನೂ ಹೇಳದೆ ಮುಂದೆ ಹೋದಳು. ನಾನು ಹೋಗಲಿಲ್ಲ. ತುಳಸಿ ಎಲೆ ಕೇಳದೆ ಕಿತ್ರೆ ಅಜ್ಜಿ ಕೈಮೇಲೆ ಹೊಡೀತಿದ್ದ ಮನೇಲಿ ಬೆಳೆದವಳು ನಾನು.

"ಅಷ್ಟೇನಾ ಎವಿಡೆನ್ಸ್?" ಆದರ್ಶ್ ನಕ್ಕ. "ಪಾಪ, ಮರೆತಿರ್ತಾನೆ."

"ಅಂಥದ್ದು ಮರೆಯೋನು ಏನು ಬೇಕಾದ್ರೂ ಮಾಡ್ತಾನೆ," ಅಂದೆ.

ಅವನು ನನ್ನ ಲೋಟ ನೋಡಿದ. "ಕೆಮ್ಮಿಗೆ ಕಷಾಯ ಮಾಡ್ಕೊಂಡಿದ್ದೀಯಲ್ಲ, ತುಳಸಿ ಯಾವಾಗ ಕಿತ್ತೆ?"

ಎಂಟನೇ ಅಧ್ಯಾಯ ಓದ್ತಾ. ದೀಪ ಹಚ್ಚಿದ ಮೇಲೆ, ಒಂದು ಕೈಯಲ್ಲಿ ಪುಸ್ತಕ ಹಿಡ್ಕೊಂಡು, ಇನ್ನೊಂದರಲ್ಲಿ ಪಟಪಟ ಅಂತ.

ಏನಾದ್ರೂ ಆಗಲಿ, ದೋಣಿಯವನೇ ಕೇಡಿ. ನಾಳೆ ಕೊನೆಯ ಪುಟ ಅದನ್ನೇ ಹೇಳತ್ತೆ, ನೋಡ್ತಾ ಇರಲಿ ಆದರ್ಶ್. ಅವನು ಮಲಗಿದ್ದಾನೆ. ಬಾಲ್ಕನಿಗೆ ಹೋಗಿ ತುಳಸಿಗೆ ತಪ್ಪಾಯ್ತು ಅಂತ ಹೇಳಿ ಬರ್ತೀನಿ. ಜಪಾನಿ ಭಾಷೇಲಿ, ಸುಮಿಮಾಸೆನ್ ಅಂತಲೇ ಅಂತೀನಿ. ಇಲ್ಲೇ ಹುಟ್ಟಿದ ಗಿಡ, ಬರೀ ಕನ್ನಡಕ್ಕೆ ಜಗ್ಗೋ ಹಾಗೆ ಕಾಣಲ್ಲ.